ಸ್ವಂತ ಗಾಡಿ, ಸ್ವಂತ ಸಾಲ

ಸ್ಯಾನ್‌ಫರ್ಡ್ ಎಂಬ ಊರಿಗೆ ಯಾರೂ ಪ್ರವಾಸ ಹೋಗುವುದಿಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ನಡುಭಾಗದಲ್ಲಿ, ರಾಲಿ ನಗರದಿಂದ ಕಾರಿನಲ್ಲಿ ಮುಕ್ಕಾಲು ಗಂಟೆ ದೂರದಲ್ಲಿರುವ ಈ ಊರು ಒಂದು ಕಾಲಕ್ಕೆ ಇಟ್ಟಿಗೆಗೆ ಹೆಸರಾಗಿತ್ತು. ರಸ್ತೆಯ ಎರಡೂ ಬದಿಗೆ ಪೈನ್ ಮರಗಳು, ಮರಗಳ ಸಂದಿಯಲ್ಲಿ ಕೆಂಪು ಮಣ್ಣಿನ ದರೆ. ಅಲ್ಲಿಗೆ ಹೋಗೋಣ ಎಂದಾಗ ಅಕ್ಕನ ಮಗ ಕಾಫಿ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದ. ಅವನ ಮನೆ ಇರುವುದು ರಾಲಿಯ ಪಕ್ಕದ ಕ್ಯಾರಿಯಲ್ಲಿ. ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದು ನೆಲೆಸಿದ ಕನ್ನಡದ ಕುಟುಂಬಗಳು ಆ ಕಡೆ ಸಾಕಷ್ಟಿವೆ.

"ಮಾವ, ಮೂರು ಗಂಟೆ ಹೋದ್ರೆ ಸಮುದ್ರ ಇದೆ, ನಾಲ್ಕು ಗಂಟೆ ಹೋದ್ರೆ ಬೆಟ್ಟ ಇದೆ. ನೀವು ನೋಡಿದ್ರೆ ಇಟ್ಟಿಗೆ ಊರಿಗೆ ಹೋಗಬೇಕು ಅಂತೀರಿ."

ನನಗೆ ಬೇಕಾಗಿದ್ದುದು ಇಟ್ಟಿಗೆಯಲ್ಲ, ಜೆ.ಡಿ. ಮೆಕ್‌ಡಫಿ ಎಂಬ ಮನುಷ್ಯನ ಊರು. ಸ್ಟಾಕ್ ಕಾರ್ ರೇಸಿನ ಅತ್ಯುನ್ನತ ದರ್ಜೆಯಾದ ನಾಸ್ಕಾರ್ ಕಪ್ ಸರಣಿಯಲ್ಲಿ ಈತ 1963ರಿಂದ 1991ರವರೆಗೆ 653 ರೇಸುಗಳಲ್ಲಿ ಓಡಿದರು. ಒಂದನ್ನೂ ಗೆಲ್ಲಲಿಲ್ಲ. ಬಹುಪಾಲು ವರ್ಷ ತಮ್ಮದೇ ಕಾರು, ತಮ್ಮದೇ ಶೆಡ್, ತಮ್ಮದೇ ಖರ್ಚು. ಬಾಯಲ್ಲಿ ಸಿಗಾರು, ಬಾಗಿಲ ಮೇಲೆ 70ನೇ ನಂಬರು. 1978ರಲ್ಲಿ ಡೋವರ್ ಟ್ರ್ಯಾಕಿನಲ್ಲಿ ಒಮ್ಮೆ, ಒಂದೇ ಒಮ್ಮೆ, ಎಲ್ಲರಿಗಿಂತ ಮುಂದಿನ ಜಾಗದಿಂದ ಹೊರಡುವ ಅವಕಾಶ ಸಿಕ್ಕಿತ್ತು.

ನಮ್ಮಲ್ಲಿ ಟ್ಯಾಕ್ಸಿಯವರು, ಲಾರಿಯವರು 'ಓನರ್ ಕಂ ಡ್ರೈವರ್' ಎನ್ನುತ್ತಾರಲ್ಲ, ಆ ಜಾತಿಯ ಮನುಷ್ಯ. ಕಂಪನಿ ಗಾಡಿ ಓಡಿಸುವವನು ಗುಂಡಿ ಬಂದರೆ ಹಾರಿಸಿಬಿಡುತ್ತಾನೆ. ಸ್ವಂತ ಗಾಡಿಯವನು ಬ್ರೇಕ್ ಒತ್ತುತ್ತಾನೆ, ಆಕ್ಸಲ್ ಮುರಿದರೆ ದುಡ್ಡು ಯಾರದ್ದೆಂದು ಅವನಿಗೆ ಗೊತ್ತು. ಗಂಟೆಗೆ 200 ಮೈಲಿಯ ಹತ್ತಿರ ಓಡುವ ರೇಸಿನಲ್ಲಿ ಈ ಬುದ್ಧಿ ಇಟ್ಟುಕೊಂಡು ಓಡುವುದೆಂದರೆ ಹೇಗೆ? ವೇಗವೇ ದೇವರಾದ ಜಾಗದಲ್ಲಿ ಎಂಜಿನ್ ಉಳಿಸಿಕೊಳ್ಳಬೇಕೆಂದು ಕಾಲು ಸಡಿಲಿಸುವವನ ಮನಸ್ಸಿನಲ್ಲಿ ಏನು ನಡೆಯುತ್ತದೆ? ಈ ಪ್ರಶ್ನೆ ಹಿಡಿದುಕೊಂಡು ನಾನು ಸ್ಯಾನ್‌ಫರ್ಡಿನಿಂದ ಷಾರ್ಲಟ್‌ಗೆ, ಅಲ್ಲಿಂದ ವಿನ್‌ಸ್ಟನ್-ಸೇಲಂಗೆ, ಕೊನೆಗೆ ವರ್ಜೀನಿಯಾ ಗಡಿ ದಾಟಿ ಡ್ಯಾನ್‌ವಿಲ್‌ಗೆ ಸುತ್ತು ಹಾಕಿ ಬರುವ ಯೋಜನೆ ಹಾಕಿದ್ದೆ.

ಸ್ಯಾನ್‌ಫರ್ಡಿನಲ್ಲಿ ನೋಡಲು ಹೆಚ್ಚೇನೂ ಇಲ್ಲ. ಹಳೆಯ ರೈಲು ನಿಲ್ದಾಣ, ಇಟ್ಟಿಗೆ ಕಟ್ಟಡಗಳ ಪೇಟೆ ಬೀದಿ, ಊರ ಹೊರಗೆ ತಗಡಿನ ಶೆಡ್ಡುಗಳು. ಅಂಥ ಒಂದು ಶೆಡ್ಡಿನ ಮುಂದೆ ಬಾನೆಟ್ ಎತ್ತಿದ ಪಿಕಪ್ ಒಂದು ನಿಂತಿತ್ತು, ಅದರ ಕೆಳಗಿನಿಂದ ಎರಡು ಬೂಟುಗಳು ಕಾಣುತ್ತಿದ್ದವು. ಮೆಕ್‌ಡಫಿಯವರ ಕಥೆ ಇಂಥ ಶೆಡ್ಡಿನದೇ. ದೊಡ್ಡ ತಂಡಗಳಲ್ಲಿ ಎಂಜಿನ್‌ಗೆ ಒಬ್ಬ, ಚಾಸಿಗೆ ಒಬ್ಬ, ಟೈರಿಗೆ ಒಬ್ಬ; ಇಲ್ಲಿ ಎಲ್ಲಕ್ಕೂ ಒಬ್ಬರೇ, ಜೊತೆಗೆ ಸಂಜೆ ಕೆಲಸ ಮುಗಿಸಿ ಬರುವ ಸ್ನೇಹಿತರು. 1988ರಲ್ಲಿ ಡೇಟೋನಾ ಟ್ರ್ಯಾಕಿನ ಅರ್ಹತಾ ರೇಸಿನಲ್ಲಿ ಕಾರಿಗೆ ಬೆಂಕಿ ಹತ್ತಿ ಅವರ ಕೈಗಳು ಸುಟ್ಟುಹೋದವು. ವಾಸಿಯಾದ ಮೇಲೆ ಮತ್ತೆ ಅದೇ ಕೈಯಲ್ಲಿ ಸ್ಟೀರಿಂಗ್ ಹಿಡಿದರು.

1991ರ ಆಗಸ್ಟ್ 10ರ ರಾತ್ರಿ ನ್ಯೂಯಾರ್ಕ್ ರಾಜ್ಯದ ಒಂದು ಸಣ್ಣ ಟ್ರ್ಯಾಕಿನಲ್ಲಿ ನಡೆದ ಪ್ರದರ್ಶನ ಪಂದ್ಯವನ್ನು ಅವರು ಗೆದ್ದರು. ಮಾರನೆಯ ದಿನ ವಾಟ್‌ಕಿನ್ಸ್ ಗ್ಲೆನ್‌ನಲ್ಲಿ ಕಪ್ ರೇಸು. ಐದನೇ ಸುತ್ತಿನಲ್ಲಿ, ಐದನೇ ತಿರುವಿಗೆ ಬರುವಾಗ ಮುಂದಿನ ಎಡ ಚಕ್ರ ಕಳಚಿತು. ಕಾರು ತಡೆಗೋಡೆಗೆ ಬಡಿದು ಮಗುಚಿತು. ಅವರ ಜೊತೆ ಅದೇ ಅಪಘಾತಕ್ಕೆ ಸಿಕ್ಕ ಇನ್ನೊಂದು ಕಾರು ಜಿಮ್ಮಿ ಮೀನ್ಸ್ ಅವರದು, ಅವರೂ ಬಡ ಓನರ್ ಕಂ ಡ್ರೈವರ್, ಅವರೂ ಒಂದೂ ಗೆಲ್ಲದವರು. ತಮ್ಮ ಕಾರಿನಿಂದ ಇಳಿದು ಓಡಿಹೋಗಿ ಮೆಕ್‌ಡಫಿಯವರ ಕಾರಿನೊಳಗೆ ಬಗ್ಗಿ ನೋಡಿದವರು ಮೀನ್ಸ್. ಅಷ್ಟರಲ್ಲಿ ಜೀವ ಹೋಗಿತ್ತು. ಮುಂದಿನ ವರ್ಷದ ಹೊತ್ತಿಗೆ ಆ ತಿರುವಿನ ಮುಂಚೆ ಕಾರುಗಳ ವೇಗ ತಗ್ಗಿಸಲು ಅಡ್ಡಹಾದಿಯೊಂದನ್ನು ಕಟ್ಟಲಾಯಿತು. ಈಗ ಅಲ್ಲಿ ಎಲ್ಲರೂ, ದೊಡ್ಡ ತಂಡದವರೂ, ಬ್ರೇಕ್ ಒತ್ತಿಯೇ ಹೋಗಬೇಕು.

"ಗೆಲ್ಲೋದೇ ಇಲ್ಲ ಅಂತ ಗೊತ್ತಿದ್ದೂ 653 ಸಲ ಹೋಗಿದ್ದು ಯಾಕೆ?" ಎಂದು ಅಕ್ಕನ ಮಗ ಕೇಳಿದ. ಆಗ ನಾವು ಪಶ್ಚಿಮಕ್ಕೆ ತಿರುಗಿ ಷಾರ್ಲಟ್ ದಾರಿ ಹಿಡಿದಿದ್ದೆವು. ಸೋತವರಿಗೂ ಹಣ ಬರುತ್ತದೆ ಎಂದೆ. ಕೊನೆಯವನಾಗಿ ಮುಗಿಸಿದರೂ ಅಷ್ಟಿಷ್ಟು ಬಹುಮಾನ ಇರುತ್ತದೆ, ಅದರಲ್ಲಿ ಮುಂದಿನ ವಾರದ ಟೈರು. ಕಾರು ಒಡೆಯದೆ ಮುಗಿಸಿದರೆ ಸಂಸಾರ ನಡೆಯುತ್ತದೆ, ಒಡೆದರೆ ಸಾಲ. "ಹಾಗಾದ್ರೆ ಅದು ರೇಸಲ್ಲ, ಕೆಲಸ," ಎಂದ. ಬಹುಶಃ ಅವನು ಹೇಳಿದ್ದು ಸರಿ.

ಷಾರ್ಲಟ್ ನಗರದ ಮಧ್ಯೆ 2010ರ ಮೇ ತಿಂಗಳಲ್ಲಿ ತೆರೆದ ನಾಸ್ಕಾರ್ ಹಾಲ್ ಆಫ್ ಫೇಮ್ ಇದೆ. ಒಳಗೆ ಹೋದರೆ ರೇಸ್ ಟ್ರ್ಯಾಕಿನಂತೆಯೇ ಓರೆಯಾಗಿ ಕಟ್ಟಿದ ದಾರಿಯ ಮೇಲೆ ಹಳೆಯ ಕಾರುಗಳು ಸಾಲಾಗಿ ನಿಂತಿವೆ. ಕೊನೆಕೊನೆಗೆ ಓರೆ 33 ಡಿಗ್ರಿ ಮುಟ್ಟುತ್ತದೆ, ಮನುಷ್ಯ ನಿಲ್ಲಲಾರ, ಕಾರು ಮಾತ್ರ ವೇಗದಲ್ಲಿ ಅಂಟಿಕೊಂಡು ಹೋಗಬಲ್ಲದು. ಮೊದಮೊದಲ ಕಾರುಗಳು ಅಂಗಡಿಯಿಂದ ಕೊಂಡು ತಂದ ಮನೆ ಕಾರುಗಳೇ. ರೇಸು ನಡೆಸುವ ನಾಸ್ಕಾರ್ ಸಂಸ್ಥೆ ಹುಟ್ಟಿದ್ದು 1948ರಲ್ಲಿ, ಇಂಥ ಮಾಮೂಲಿ ಕಾರುಗಳ ಮೊದಲ ರೇಸು ನಡೆದದ್ದು 1949ರ ಜೂನ್ 19ರಂದು, ಇದೇ ಷಾರ್ಲಟ್‌ನ ಮಣ್ಣಿನ ಟ್ರ್ಯಾಕಿನಲ್ಲಿ. ಅವತ್ತು ಮೊದಲು ಬಂದ ಗ್ಲೆನ್ ಡನವೇ ಅವರ ಕಾರಿಗೆ ಕಳ್ಳಭಟ್ಟಿ ಸಾಗಿಸುವವರು ಹಾಕುವಂಥ ಗಟ್ಟಿ ಸ್ಪ್ರಿಂಗ್ ಇದೆಯೆಂದು ತಪಾಸಣೆಯಲ್ಲಿ ಕಂಡುಬಂದು ಗೆಲುವು ರದ್ದಾಯಿತು. ಲೀ ಪೆಟ್ಟಿ ಎಂಬವರು ಪರಿಚಯದವರ ಬ್ಯೂಕ್ ಕಾರನ್ನು ಕೇಳಿ ತಂದು ರೇಸಿಗಿಳಿಸಿ ಪಲ್ಟಿ ಹೊಡೆಸಿದರು. ಈ ಆಟದ ಅತಿ ದೊಡ್ಡ ಮನೆತನದ ಶುರುವಾತು ಅದು. ಲೀ ಅವರ ಮಗ ರಿಚರ್ಡ್ ಪೆಟ್ಟಿ ಮುಂದೆ 200 ರೇಸು ಗೆದ್ದರು.

ನಾನು ಹೆಚ್ಚು ಹೊತ್ತು ನಿಂತದ್ದು ಆಲನ್ ಕುಲ್‌ವಿಕಿ ಅವರ ಬಗೆಗಿನ ಭಾಗದ ಮುಂದೆ. ವಿಸ್ಕಾನ್ಸಿನ್ ರಾಜ್ಯದ ಗ್ರೀನ್‌ಫೀಲ್ಡ್ ಊರಿನವರು, ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. ಈ ಆಟದಲ್ಲಿ ಆಗ ಡಿಗ್ರಿ ಇದ್ದವರು ವಿರಳ, ಉತ್ತರದ ಕಡೆಯಿಂದ ಬಂದವರೂ ಕಡಿಮೆ. 1985ರಲ್ಲಿ ಇದ್ದದ್ದನ್ನೆಲ್ಲ ಮಾರಿ ಷಾರ್ಲಟ್‌ಗೆ ಹೊರಡಲು ತಯಾರಾದರು. ಹೊರಡಲು ಎರಡು ದಿನ ಇರುವಾಗ ಟ್ರಕ್ಕಿಗೆ ಬೆಂಕಿ ಬಿತ್ತು. ಬೇರೊಂದು ಟ್ರಕ್ಕನ್ನು ಕೇಳಿ ಪಡೆದು, ಉಳಿದ ಸಾಮಾನು ಕಟ್ಟಿಕೊಂಡು ಬಂದರು. 1986ರಲ್ಲಿ ಆ ವರ್ಷದ ಅತ್ಯುತ್ತಮ ಹೊಸಬ ಎನಿಸಿಕೊಂಡರು. ಅವರ ಹತ್ತಿರ ದೊಡ್ಡ ತಂಡಗಳ ಸೌಕರ್ಯ ಯಾವುದೂ ಇರಲಿಲ್ಲ. ಸಂಬಳಕ್ಕಿದ್ದವರು ಬೆರಳೆಣಿಕೆಯ ಜನ, ಅವರ ಮೇಲೂ ವಿಪರೀತ ಶಿಸ್ತು. ಎಂಜಿನಿಯರ್ ಮನಸ್ಸಿನ ಈ ಮಾಲೀಕನಿಗೆ ಯಾರೇ ಬಿಗಿದ ನಟ್ಟಾದರೂ ತಾನೊಮ್ಮೆ ಮುಟ್ಟಿ ನೋಡಬೇಕು.

ಇಲ್ಲಿ ಜೂನಿಯರ್ ಜಾನ್ಸನ್ ಎಂಬವರ ವಿಷಯ ಹೇಳಲೇಬೇಕು, ಏಕೆಂದರೆ ನನ್ನ ಇಡೀ ದಾರಿಯ ಉದ್ದಕ್ಕೂ ಈ ಹೆಸರು ಹಿಂದೆ ಬಂತು. ಇದೇ ರಾಜ್ಯದ ವಿಲ್ಕ್ಸ್ ಕೌಂಟಿಯ ಗುಡ್ಡಗಾಡಿನವರು, ಯೌವನದಲ್ಲಿ ಕಳ್ಳಭಟ್ಟಿ ಸಾಗಿಸುತ್ತಿದ್ದವರು, ಅದಕ್ಕಾಗಿ ಜೈಲು ಕಂಡವರು, ಆಮೇಲೆ ಚಾಲಕರಾಗಿ 50 ಕಪ್ ರೇಸು ಗೆದ್ದವರು. ಕುಲ್‌ವಿಕಿ ಹೆಸರು ಮಾಡುವ ಹೊತ್ತಿಗೆ ಜಾನ್ಸನ್ ಎಲ್ಲರೂ ಲೆಕ್ಕಕ್ಕಿಡುವ ದೊಡ್ಡ ತಂಡದ ಮಾಲೀಕ. ನನ್ನ ಕಾರು ಓಡಿಸು ಎಂದು ಕುಲ್‌ವಿಕಿಯನ್ನು ಒಂದಕ್ಕಿಂತ ಹೆಚ್ಚು ಸಲ ಕರೆದರು. ಹತ್ತು ಲಕ್ಷ ಡಾಲರಿನ ಮಾತು ಎಂದು ಆಗ ವರದಿಯಾಗಿತ್ತು. ಕುಲ್‌ವಿಕಿ ಒಲ್ಲೆ ಎಂದರು. ಕೈಗೆ ಬರುತ್ತಾರೆಂದು ನಂಬಿದ್ದ ಪ್ರಾಯೋಜಕರೂ ಜಾನ್ಸನ್ ತಂಡಕ್ಕೆ ಹೋದರು. 1991ರ ಹಂಗಾಮು ಶುರುವಾದಾಗ ಕುಲ್‌ವಿಕಿಗೆ ಕಾಯಂ ಪ್ರಾಯೋಜಕರೇ ಇರಲಿಲ್ಲ. ಅಟ್ಲಾಂಟಾದ ರೇಸಿಗೆ ಖಾಲಿ ಬಿಳಿ ಕಾರು ತಂದು ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ಮೊದಲು ಬಂದರು. ಹೂಟರ್ಸ್ ಎಂಬ ಹೋಟೆಲ್ ಕಂಪನಿ ಅಲ್ಲಿ ಮಾರ್ಕ್ ಸ್ಟಾಲ್ ಎಂಬ ಇನ್ನೊಬ್ಬ ಓನರ್ ಕಂ ಡ್ರೈವರನ ಕಾರಿಗೆ ಹೆಸರು ಹಾಕಿತ್ತು, ಆ ಕಾರಿಗೆ ರೇಸಿನಲ್ಲಿ ಜಾಗವೇ ಸಿಗಲಿಲ್ಲ. ಕಂಪನಿ ಕುಲ್‌ವಿಕಿಯ ಬಿಳಿ ಕಾರಿಗೆ ಬಂದು ಅಂಟಿತು, ಕೊನೆಯವರೆಗೂ ಅಲ್ಲೇ ಉಳಿಯಿತು. ಒಬ್ಬ ಬಡವನ ಬಾಗಿಲು ಮುಚ್ಚಿದಾಗ ಇನ್ನೊಬ್ಬ ಬಡವನ ಬಾಗಿಲು ತೆರೆಯಿತು. ಈ ಲೋಕದಲ್ಲಿ ಅದೃಷ್ಟ ಎನ್ನುವುದು ಬರುವುದು ಸಾಮಾನ್ಯವಾಗಿ ಪಕ್ಕದವನ ಜೇಬಿನಿಂದಲೇ.

1992ರ ನವೆಂಬರ್ 15, ಮತ್ತೆ ಅಟ್ಲಾಂಟಾ, ವರ್ಷದ ಕೊನೆಯ ರೇಸು. ರಿಚರ್ಡ್ ಪೆಟ್ಟಿ ಅವರ ಕೊನೆಯ ರೇಸು ಅದು, ಜೆಫ್ ಗಾರ್ಡನ್ ಎಂಬ ಹುಡುಗನ ಮೊದಲನೆಯದು. ಕೆಲವು ವಾರಗಳ ಹಿಂದಷ್ಟೇ ಡೋವರಿನಲ್ಲಿ ಕಾರು ಜಖಂ ಮಾಡಿಕೊಂಡು, ವರ್ಷದ ಪಟ್ಟಕ್ಕೆ ಎಣಿಸುವ ಲೆಕ್ಕದಲ್ಲಿ 278 ಪಾಯಿಂಟು ಹಿಂದೆ ಬಿದ್ದಿದ್ದ ಕುಲ್‌ವಿಕಿ ಈಗ ಮುಂದಿದ್ದವರಿಗಿಂತ ಬರೀ 30 ಹಿಂದಿದ್ದರು. ಅವರ ಹಿಂದೆ 10 ಪಾಯಿಂಟಿನಲ್ಲಿ ಬಿಲ್ ಎಲಿಯಟ್. ಎಲಿಯಟ್ ಓಡಿಸುತ್ತಿದ್ದುದು ಜೂನಿಯರ್ ಜಾನ್ಸನ್ ಅವರ ಕಾರನ್ನು. ಫೋರ್ಡ್ ಥಂಡರ್‌ಬರ್ಡ್ ಕಾರಿನ ಮೂತಿಯ ಮೇಲಿದ್ದ ಹೆಸರಿನ ಮೊದಲ ಎರಡು ಅಕ್ಷರಗಳನ್ನು ಕುಲ್‌ವಿಕಿ ಅನುಮತಿ ಪಡೆದೇ ತೆಗೆಸಿ ಅಂಡರ್‌ಬರ್ಡ್ ಮಾಡಿದ್ದರು. ಯಾರೂ ಲೆಕ್ಕಕ್ಕಿಡದವನ ಕಾರು ಎಂದು ತಾನೇ ಒಪ್ಪಿಕೊಂಡ ಹಾಗೆ, ಜೊತೆಗೆ ಒಂದಿಷ್ಟು ಕೆಣಕು.

ಪೆಟ್ರೋಲು, ಟೈರಿಗಾಗಿ ನಿಲ್ಲುವ ಪಿಟ್‌ಗೆ ಮೊದಲ ಸಲ ಬಂದಾಗಲೇ ಫಸ್ಟ್ ಗೇರ್ ಮುರಿಯಿತು. ಅಲ್ಲಿಂದ ಪ್ರತಿ ಸಲವೂ ತಂಡದವರು ಕಾರನ್ನು ತಳ್ಳಿ ಕಳಿಸಬೇಕು. ಪಾಯಿಂಟಿನಲ್ಲಿ ಮುಂದಿದ್ದ ಡೇವಿ ಆಲಿಸನ್ ಅಪಘಾತಕ್ಕೆ ಸಿಕ್ಕಿ ಹಿಂದೆ ಬಿದ್ದರು. ಉಳಿದವರು ಇಬ್ಬರು. ಇಲ್ಲಿಂದ ಮುಂದೆ ನಡೆದದ್ದು ಕೂಡಿ ಕಳೆಯುವ ಆಟ. ರೇಸ್ ಗೆದ್ದವರಿಗೆ 175 ಪಾಯಿಂಟು, ಎರಡನೆಯವರಿಗೆ 170, ಒಂದು ಸುತ್ತಾದರೂ ಮುಂದಿದ್ದವರಿಗೆ 5, ಅತಿ ಹೆಚ್ಚು ಸುತ್ತು ಮುಂದಿದ್ದವರಿಗೆ ಮತ್ತೆ 5. ಈ ಕೊನೆಯ ಐದು ಬಂದರೆ, ಎಲಿಯಟ್ ಗೆದ್ದರೂ ಕುಲ್‌ವಿಕಿ ಎರಡನೆಯವರಾದರೆ ಸಾಕು. ಅದು ಎಲಿಯಟ್ ಪಾಲಾದರೆ ಇಬ್ಬರೂ ಸಮ; ಸಮವಾದರೆ ವರ್ಷದಲ್ಲಿ ಹೆಚ್ಚು ರೇಸು ಗೆದ್ದ ಎಲಿಯಟ್‌ಗೇ ಪಟ್ಟ. ಎಷ್ಟು ಸುತ್ತು ಮುಂದಿದ್ದರೆ ಈ ಲೆಕ್ಕದಲ್ಲಿ ಎಲಿಯಟ್ ದಾಟಲಾರರು ಎಂದು ಕುಲ್‌ವಿಕಿಯ ತಂಡ ಎಣಿಸಿತು. ಟ್ಯಾಂಕಿನಲ್ಲಿ ಪೆಟ್ರೋಲು ತಳ ಕಾಣುತ್ತಿದ್ದರೂ ಆ ಸುತ್ತು ಮುಗಿಯುವವರೆಗೆ ಕುಲ್‌ವಿಕಿ ಪಿಟ್‌ಗೆ ಬರಲಿಲ್ಲ. ಮುಂದಿದ್ದ ಲೆಕ್ಕ ಕುಲ್‌ವಿಕಿಯದು 103 ಸುತ್ತು, ಎಲಿಯಟ್‌ರದು 102. ರೇಸ್ ಗೆದ್ದವರು ಎಲಿಯಟ್, ವರ್ಷ ಗೆದ್ದವರು ಕುಲ್‌ವಿಕಿ: 4078ಕ್ಕೆ 4068.

ಕೊನೆಯ ಸುತ್ತುಗಳಲ್ಲಿ ಅವರು ಎಲಿಯಟ್ ಬೆನ್ನು ಹತ್ತಲಿಲ್ಲ. ಪೆಟ್ರೋಲು ಉಳಿಸಿಕೊಂಡು ಹಿಂದೆ ಬಂದರು. ನಾನು ಹೊತ್ತುಕೊಂಡು ಹೋಗಿದ್ದ ಪ್ರಶ್ನೆಗೆ ಒಂದು ಉತ್ತರ ಇಲ್ಲಿ ಸಿಕ್ಕಿತೆನ್ನಿಸಿತು. ಸ್ವಂತ ಗಾಡಿಯವನ ಕಾಲು ಸಡಿಲಾಗುವುದು ಹೆದರಿಕೆಯಿಂದಲ್ಲ. ಇರುವುದು ಇಷ್ಟೇ, ಇಷ್ಟರಲ್ಲಿ ಮನೆ ಮುಟ್ಟಬೇಕು ಎಂಬ ಅಳತೆ ಅವನ ಪಾದಕ್ಕೇ ಗೊತ್ತಿರುತ್ತದೆ.

ಆ ಪಟ್ಟ ಅವರ ಕೈಯಲ್ಲಿ ಇದ್ದದ್ದು ಐದು ತಿಂಗಳಿಗೂ ಕಡಿಮೆ. 1993ರ ಏಪ್ರಿಲ್ 1ರ ರಾತ್ರಿ ಪ್ರಾಯೋಜಕರ ವಿಮಾನದಲ್ಲಿ ಬ್ರಿಸ್ಟಲ್ ರೇಸಿಗೆ ಹೊರಟಿದ್ದಾಗ ಟೆನೆಸ್ಸಿಯ ಬ್ಲೌಂಟ್‌ವಿಲ್ ಬಳಿ ವಿಮಾನ ಬಿದ್ದು ತೀರಿಕೊಂಡರು, ವಯಸ್ಸು 38. ತಂಡ ಎಂದರೆ ಅವರೇ ಆಗಿದ್ದರಿಂದ ತಂಡವೂ ಉಳಿಯಲಿಲ್ಲ. ಬೇರೊಬ್ಬ ಚಾಲಕರು ಕೊಂಡುಕೊಂಡರು. ಕುಲ್‌ವಿಕಿ ನಂತರ ತನ್ನ ತಂಡದ ಕಾರಿನಲ್ಲೇ ಕಪ್ ಗೆದ್ದ ಮಾಲೀಕ 2011ರಲ್ಲಿ ಟೋನಿ ಸ್ಟೀವರ್ಟ್. ಆದರೆ ಸ್ಟೀವರ್ಟ್ ಆಗಲೇ ಎರಡು ಸಲ ಚಾಂಪಿಯನ್ ಆಗಿದ್ದವರು, ಬಂಡವಾಳವಿದ್ದ ಪಾಲುದಾರರ ಜೊತೆಗೂಡಿದವರು.

ಶನಿವಾರ ಸಂಜೆಗೆ ನಾವು ವಿನ್‌ಸ್ಟನ್-ಸೇಲಂನಲ್ಲಿದ್ದೆವು. ತಂಬಾಕಿನ ಊರು. ಆರ್.ಜೆ. ರೆನಾಲ್ಡ್ಸ್ ಸಿಗರೇಟ್ ಕಂಪನಿಯ ತವರು. ಇಲ್ಲಿನ ಬೋಮನ್ ಗ್ರೇ ಸ್ಟೇಡಿಯಂ ಇರುವುದು ಆ ಕಂಪನಿಯ ಹಿಂದಿನ ಅಧ್ಯಕ್ಷರ ಹೆಸರಿನಲ್ಲಿ. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ನಿರುದ್ಯೋಗಿಗಳಿಗೆ ಕೆಲಸ ಕೊಡುವ ಸರ್ಕಾರಿ ಯೋಜನೆಯಲ್ಲಿ ಕಟ್ಟಿದ್ದು. ಲಾಳದಾಕಾರದ ಗ್ಯಾಲರಿ, ನಡುವೆ ಕಾಲೇಜಿನವರ ಫುಟ್‌ಬಾಲ್ ಮೈದಾನ, ಮೈದಾನದ ಸುತ್ತ ಕಾಲು ಮೈಲಿಯ ಚಪ್ಪಟೆ ಡಾಂಬರು ಹಾದಿ. 1949ರಿಂದ ಬೇಸಿಗೆಯ ಶನಿವಾರಗಳಲ್ಲಿ ಇಲ್ಲಿ ರೇಸು ನಡೆಯುತ್ತ ಬಂದಿದೆ. ಹದಿನೇಳು ಸಾವಿರ ಜನ ಹಿಡಿಯುತ್ತದೆ. ಜನ ಇದನ್ನು ಮ್ಯಾಡ್‌ಹೌಸ್ ಎನ್ನುತ್ತಾರೆ. ಹಾದಿ ಅಷ್ಟು ಕಿರಿದು. ಮುಂದಿನವನನ್ನು ಗುದ್ದದೆ ದಾಟುವುದು ಕಷ್ಟ, ಗುದ್ದಿದ ಮೇಲೆ ಜಗಳವಾಡದೆ ಇರುವುದು ಇನ್ನೂ ಕಷ್ಟ.

ಕಪ್ ಸರಣಿಯ ರೇಸುಗಳೂ ಇಲ್ಲಿ ನಡೆಯುತ್ತಿದ್ದವು. ರಿಚರ್ಡ್ ಪೆಟ್ಟಿ ಅವರ ನೂರನೇ ಗೆಲುವು ಬಂದದ್ದು 1969ರಲ್ಲಿ, ಇಲ್ಲೇ. 1971ಕ್ಕೆ ಅದು ನಿಂತಿತು, ನಿಂತ ಬಗೆ ವಿಚಿತ್ರ. ಆ ವರ್ಷ ಅಮೆರಿಕದ ಟಿವಿಯಲ್ಲಿ ಸಿಗರೇಟು ಜಾಹೀರಾತು ನಿಷೇಧವಾಯಿತು. ಕೈಯಲ್ಲಿ ಉಳಿದ ಜಾಹೀರಾತಿನ ಹಣಕ್ಕೆ ರೆನಾಲ್ಡ್ಸ್ ಕಂಪನಿ ಜಾಗ ಹುಡುಕುತ್ತಿತ್ತು. ತನ್ನ ತಂಡಕ್ಕೆ ಪ್ರಾಯೋಜಕತ್ವ ಕೇಳಲು ಅವರ ಬಳಿಗೆ ಹೋದವರು ಅದೇ ಜೂನಿಯರ್ ಜಾನ್ಸನ್. ಕಂಪನಿಯ ಹತ್ತಿರ ಇದ್ದ ಹಣ ಒಂದು ತಂಡಕ್ಕೆ ಜಾಸ್ತಿಯಾಯಿತು, ಇಡೀ ಸರಣಿಗೇ ಸಾಕು ಎಂದು ಕಂಡು ನಾಸ್ಕಾರ್‌ನವರ ಬಳಿಗೆ ಕಳಿಸಿದರು. ಕಂಪನಿಯ ಹಣ ಬಂದ ಮೇಲೆ, 1972ರಿಂದ, ವರ್ಷಕ್ಕೆ 48 ಇದ್ದ ರೇಸುಗಳು 31ಕ್ಕೆ ಇಳಿದವು, ಸಣ್ಣ ಟ್ರ್ಯಾಕುಗಳ ಪುಟ್ಟ ರೇಸುಗಳು ಪಟ್ಟಿಯಿಂದ ಹೊರಬಿದ್ದವು. ತಂಬಾಕಿನ ದುಡ್ಡು ತಂಬಾಕಿನ ಊರಿನ ಟ್ರ್ಯಾಕನ್ನೇ ಕೈಬಿಟ್ಟಿತು. ಜೊತೆಗೆ ಬಡ ಮಾಲೀಕರ ಜೀವನೋಪಾಯವೂ ಸೊರಗಿತು. ನೂರು ಮೈಲಿಯ ರೇಸಿನಲ್ಲಿ ಹಳೆಯ ಎಂಜಿನ್ ಹೇಗೋ ಬದುಕುತ್ತದೆ. ಸೂಪರ್ ಸ್ಪೀಡ್‌ವೇ ಎಂಬ ದೊಡ್ಡ ಟ್ರ್ಯಾಕಿನ ಐನೂರು ಮೈಲಿಯ ರೇಸಿನಲ್ಲಿ ದಿನಕ್ಕೊಂದು ಎಂಜಿನ್ ಬಲಿ.

ಪಿಟ್ ಪಾಸ್ ಕೊಂಡು ಕಾರುಗಳು ನಿಂತ ಕಡೆಗೆ ಹೋದೆವು. ಸ್ಟ್ರೀಟ್ ಸ್ಟಾಕ್ ದರ್ಜೆಯ ಹಳೆಯ ಷೆವ್ರೊಲೆಯೊಂದರ ಮುಂದೆ ಮೂರೇ ಜನ. ನಲವತ್ತರ ಆಸುಪಾಸಿನ ಮಾಲೀಕ ವಾರದಲ್ಲಿ ಮನೆಮನೆಯ ಏಸಿ ರಿಪೇರಿ ಮಾಡುವವನು, ಕಾರು ಓಡಿಸುವವನೂ ಅವನೇ. ಹೆಂಡತಿಯ ಕೈಯಲ್ಲಿ ಸ್ಟಾಪ್‌ವಾಚು, ಕಂಕುಳಲ್ಲಿ ನೋಟ್‌ಬುಕ್ಕು. ಅವಳ ತಮ್ಮ ಜಾಕ್ ಹಿಡಿದುಕೊಂಡಿದ್ದ. ಬಾನೆಟ್ಟಿನ ಮೇಲೆ ಒಂದು ಕಟಿಂಗ್ ಶಾಪಿನ ಹೆಸರು, ಹಿಂದಿನ ಬಾಗಿಲ ಮೇಲೆ ಬೇರೆ ಬಣ್ಣದ ತಗಡು. ಆತ ಮಂಡಿಯೂರಿ ಕೂತು ಟೈರಿನ ಸುತ್ತ ಅಳತೆ ಟೇಪು ಸುತ್ತಿ, ಬಂದ ಅಂಕಿಯನ್ನು ಟೈರಿನ ಮೇಲೇ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಎಡಗಡೆಯ ಹಿಂದಿನ ಟೈರಿಗಿಂತ ಬಲಗಡೆಯದರ ಸುತ್ತಳತೆ ಸ್ವಲ್ಪ ದೊಡ್ಡದಿರಬೇಕು. ಇಡೀ ರಾತ್ರಿ ತಿರುಗುವುದು ಎಡಕ್ಕೇ ಅಲ್ಲವೇ, ಹೊರಗಿನ ಚಕ್ರಕ್ಕೆ ದಾರಿ ಹೆಚ್ಚು. ಆ ವ್ಯತ್ಯಾಸ ಹದವಾಗಿದ್ದರೆ ಕಾರು ತಾನಾಗಿ ತಿರುವಿಗೆ ಒಲಿಯುತ್ತದೆ. ಗಾಳಿ ಸ್ವಲ್ಪ ಬಿಟ್ಟ, ಮತ್ತೆ ಅಳೆದ, ಹಳೆಯ ಅಂಕಿಯನ್ನು ಹೆಬ್ಬೆರಳಿನಲ್ಲಿ ಉಜ್ಜಿ ಹೊಸದು ಬರೆದ. ಆಮೇಲೆ ಎರಡು ಸ್ಟ್ಯಾಂಡುಗಳ ನಡುವೆ ಕಾರಿನುದ್ದಕ್ಕೂ ದಾರ ಎಳೆದು ಕಟ್ಟಿ, ಮುಂದಿನ ಚಕ್ರ ಎಷ್ಟು ಸೊಟ್ಟ ಇದೆಯೆಂದು ಸ್ಕೇಲು ಹಿಡಿದು ನೋಡಿದ. ದೊಡ್ಡವರು ಲೇಸರ್ ಯಂತ್ರದಲ್ಲಿ ಮಾಡುವ ಕೆಲಸವನ್ನು ಈತ ದಾರದಲ್ಲಿ ಮುಗಿಸಿದ.

ಎಲ್ಲಾ ಟೈರು ಹೊಸದೇ ಎಂದು ಕೇಳಿದ್ದಕ್ಕೆ ನಕ್ಕ. ಒಂದು ಮಾತ್ರ, ಬಲಗಡೆ ಮುಂದಿನದು, ಪೆಟ್ಟು ಹೆಚ್ಚು ತಿನ್ನುವುದು ಅದೇ. ಉಳಿದವು ಕಳೆದ ವಾರದ್ದು ಎಂದ. ಹೆಂಡತಿ ನೋಟ್‌ಬುಕ್ಕು ತೆರೆದು ತೋರಿಸಿದಳು. ಎಡಗಡೆ ಸುತ್ತಿನ ಸಮಯ, ಬಲಗಡೆ ಖರ್ಚು. ಎರಡೂ ಒಂದೇ ಪುಟದಲ್ಲಿ ಯಾಕೆ ಎಂದು ಅಕ್ಕನ ಮಗ ಕೇಳಿದ. ಎಷ್ಟು ಸೆಕೆಂಡಿಗೆ ಎಷ್ಟು ಡಾಲರು ಆಯಿತೆಂದು ಇವರಿಗೂ ಕಾಣಲಿ ಅಂತ, ಎಂದು ಗಂಡನತ್ತ ಗಲ್ಲ ತೋರಿಸಿದಳು.

ರೇಸು ಶುರುವಾದಾಗ ಕಿವಿಗೆ ಹತ್ತಿ ತುರುಕಿಕೊಂಡಿದ್ದರೂ ಎದೆಗೂಡು ನಡುಗಿತು. ಎರಡನೇ ತಿರುವಿನಲ್ಲಿ ಯಾರೋ ಗುದ್ದಿದರು, ಬೇರೆ ಬಣ್ಣದ ಬಾಗಿಲಿರುವ ಕಾರು ಅಡ್ಡಡ್ಡ ತಿರುಗಿತು. ಗ್ಯಾಲರಿಯಲ್ಲಿ ಅರ್ಧ ಜನ ಉಘೇ ಎಂದರು, ಅರ್ಧ ಜನ ಬೈದರು. ಕಾರು ನೆಟ್ಟಗಾಗಿ ಕೊನೆಯ ಸಾಲಿನಿಂದ ಮತ್ತೆ ಹೊರಟು, ನಡುವಿನ ಸ್ಥಾನದಲ್ಲಿ ಎಲ್ಲೋ ಮುಗಿಸಿತು. ಗುದ್ದಿದವನಿಗೆ ತಿರುಗಿ ಗುದ್ದುವ ಅವಕಾಶ ಸಿಕ್ಕಿತ್ತು, ನಮ್ಮಿಬ್ಬರ ಕಣ್ಣಿಗೂ ಬಿತ್ತು. ಆತ ಗುದ್ದಲಿಲ್ಲ. ಆಮೇಲೆ ಪಿಟ್‌ನಲ್ಲಿ ಮೂವರೂ ಸೊಟ್ಟಗಾದ ಮಡ್‌ಗಾರ್ಡನ್ನು ಕಾಲಿನಿಂದ ಒದ್ದು ಸರಿಮಾಡುತ್ತಿದ್ದರು. ಬಹುಮಾನದ ಹಣ ಒಂದು ಟೈರಿಗೂ ಸಾಲದಂತೆ. ಹೆಂಡತಿ ಬರೆದುಕೊಳ್ಳುತ್ತಿದ್ದಳು.

ಅವತ್ತಿನ ಮುಖ್ಯ ರೇಸು ಮಾಡಿಫೈಡ್ ದರ್ಜೆಯದು. ಟಿಮ್ ಬ್ರೌನ್, ಬರ್ಟ್ ಮೈಯರ್ಸ್ ಎಂಬವರು ಈ ಟ್ರ್ಯಾಕಿನ ದೊಡ್ಡ ಹೆಸರುಗಳು. 2025ರ ಫೆಬ್ರವರಿಯಲ್ಲಿ ಕಪ್ ಕಾರುಗಳು ಐವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಮತ್ತೆ ಇಲ್ಲಿಗೆ ಪ್ರದರ್ಶನ ರೇಸಿಗೆ ಬಂದಾಗ ಇವರಿಬ್ಬರೂ ಅದರಲ್ಲಿ ಹೆಸರು ಕೊಟ್ಟಿದ್ದರು. ಬ್ರೌನ್ ಅವರು ವಾರದ ದಿನಗಳಲ್ಲಿ ಕೂಲಿಗೆ ದುಡಿಯುವುದು ಕಪ್ ತಂಡವೊಂದರ ಶೆಡ್ಡಿನಲ್ಲೇ. ಇಷ್ಟು ಹತ್ತಿರ ಇದ್ದೂ ಆ ಮಟ್ಟಕ್ಕೆ ಸ್ವಂತ ಕಾರು ಒಯ್ಯುವುದು ಇವತ್ತು ಯಾರಿಗೂ ಸುಲಭವಲ್ಲ. 2016ರಿಂದ 36 ಪರವಾನಗಿಗಳಿಗೆ ಮಾತ್ರ ಎಲ್ಲ ರೇಸಿನಲ್ಲೂ ಖಾತ್ರಿ ಜಾಗ, ಅವುಗಳ ಬೆಲೆ ಕೋಟಿಗಳಲ್ಲಿ. 2022ರಿಂದ ಬಂದ ಹೊಸ ಕಾರಿನ ಬಿಡಿಭಾಗಗಳನ್ನು ಗೊತ್ತುಪಡಿಸಿದ ಕಂಪನಿಗಳಿಂದಲೇ ಕೊಳ್ಳಬೇಕು. ಮೊದಲು ಹಣವಿಲ್ಲದವನು ಕೈಕೆಲಸದಲ್ಲಿ ಅದನ್ನು ತುಂಬಿಕೊಳ್ಳುತ್ತಿದ್ದ, ರಾತ್ರಿಯೆಲ್ಲ ಕೂತು ಬೆಸೆಯುತ್ತಿದ್ದ. ಆ ಕಿಂಡಿಯೂ ಮುಚ್ಚಿತು. ಈಗಿನ ಓನರ್ ಕಂ ಡ್ರೈವರ್ ಎಂದರೆ ಡೆನ್ನಿ ಹ್ಯಾಮ್ಲಿನ್, ಬ್ರ್ಯಾಡ್ ಕೆಸೆಲೌಸ್ಕಿ ಅಂಥ ಸಿರಿವಂತರು. ಹ್ಯಾಮ್ಲಿನ್ ತಂಡಕ್ಕೆ ಪಾಲುದಾರರು ಬ್ಯಾಸ್ಕೆಟ್‌ಬಾಲ್‌ನ ಮೈಕೇಲ್ ಜೋರ್ಡನ್; ಹ್ಯಾಮ್ಲಿನ್ ಸ್ವತಃ ಓಡಿಸುವುದು ಬೇರೆಯವರ ಕಾರು.

ಮಾರನೆಯ ದಿನ ಉತ್ತರಕ್ಕೆ ಹೊರಟು ಗಡಿ ದಾಟಿದೆವು. ಡ್ಯಾನ್ ನದಿಯ ದಂಡೆಯ ಡ್ಯಾನ್‌ವಿಲ್‌ನಲ್ಲಿ ಜವಳಿ ಗಿರಣಿಗಳು ಮುಚ್ಚಿ ವರ್ಷಗಳಾದವು. ತಂಬಾಕಿನ ಹಳೆಯ ಗೋದಾಮುಗಳು ಈಗ ಅಪಾರ್ಟ್‌ಮೆಂಟುಗಳು. 1865ರಲ್ಲಿ ಅಂತರ್ಯುದ್ಧದಲ್ಲಿ ಸೋಲುತ್ತಿದ್ದ ದಕ್ಷಿಣದ ಸರ್ಕಾರ ರಾಜಧಾನಿ ರಿಚ್ಮಂಡ್ ಬಿಟ್ಟು ಓಡಿಬಂದು ಕೊನೆಯ ಕೆಲವು ದಿನ ಕೂತಿದ್ದು ಈ ಊರಿನಲ್ಲಿ. ಗುಲಾಮಗಿರಿಯನ್ನು ಕಾಪಾಡಲು ಹೊರಟವರ ಆ ಕಡೆಯ ರಾಜಧಾನಿಯಲ್ಲಿ 1921ರಲ್ಲಿ ಹುಟ್ಟಿದವರು ವೆಂಡೆಲ್ ಸ್ಕಾಟ್, ಕಪ್ಪು ಜನರ ಕೇರಿಯ ಹುಡುಗ. ಟ್ಯಾಕ್ಸಿ ಚಾಲಕ, ಎರಡನೇ ಮಹಾಯುದ್ಧದಲ್ಲಿ ಸೇನೆಯ ಮೆಕ್ಯಾನಿಕ್, ಯುದ್ಧ ಮುಗಿದ ಮೇಲೆ ಕಳ್ಳಭಟ್ಟಿ ಸಾಗಣೆ. 1952ರಲ್ಲಿ ಊರಿನ ರೇಸಿನವರು ಜನರನ್ನು ಸೆಳೆಯಲು ಒಬ್ಬ ಕಪ್ಪು ಚಾಲಕ ಬೇಕೆಂದು ಹುಡುಕುತ್ತ ಪೊಲೀಸರನ್ನೇ ಕೇಳಿದರು. ನಮ್ಮ ಕೈಗೆ ಸಿಗದೆ ತಪ್ಪಿಸಿಕೊಂಡು ಓಡಿಸುವವನು ಇವನು ಎಂದು ಪೊಲೀಸರು ಸ್ಕಾಟ್ ಅವರ ಹೆಸರು ಹೇಳಿದರು.

ಸ್ಕಾಟ್ ವಾಸವಿದ್ದ ಬೀದಿಗೆ ಈಗ ಅವರ ಹೆಸರೇ ಇದೆ. ಸಣ್ಣ ಮನೆಗಳ ಬೀದಿ. 1961ರಿಂದ 1973ರವರೆಗೆ ಇಲ್ಲಿಂದ ಹೊರಟು 495 ಕಪ್ ರೇಸುಗಳಲ್ಲಿ ಓಡಿದರು, 147 ಸಲ ಮೊದಲ ಹತ್ತರಲ್ಲಿ ಬಂದರು, 1966ರಲ್ಲಿ ವರ್ಷದ ಪಟ್ಟಿಯಲ್ಲಿ ಆರನೆಯವರಾದರು. ಅವರ ತಂಡ ಎಂದರೆ ಅವರ ಮಕ್ಕಳು. ಕಾರು ಬೇರೆಯವರು ಓಡಿಸಿ ಬಿಟ್ಟದ್ದು, ಟೈರು ಬೇರೆಯವರು ಸವೆಸಿದ್ದು. ಊಟ ಮನೆಯಿಂದ ಕಟ್ಟಿಕೊಂಡದ್ದು. ಕಪ್ಪು ಜನರನ್ನು ಒಳಗೆ ಬಿಡದ ಹೋಟೆಲುಗಳು ದಾರಿಯುದ್ದಕ್ಕೂ ಇದ್ದವು.

1963ರ ಡಿಸೆಂಬರ್ 1ರಂದು ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ನ ಅರ್ಧ ಮೈಲಿಯ ಮಣ್ಣಿನ ಟ್ರ್ಯಾಕಿನಲ್ಲಿ ಅವರು ಗೆದ್ದರು. ಎರಡು ಸುತ್ತು ಮುಂದಿದ್ದರು. ಗೆಲುವಿನ ಬಾವುಟ ಬೀಸಲಿಲ್ಲ. ಎರಡನೆಯವರಾಗಿ ಬಂದ ಬಕ್ ಬೇಕರ್ ಅವರನ್ನು ಗೆದ್ದವರೆಂದು ಕರೆದು ಟ್ರೋಫಿ ಕೊಟ್ಟರು. ಜನರೆಲ್ಲ ಮನೆಗೆ ಹೋದ ಮೇಲೆ, ಗಂಟೆಗಳ ನಂತರ, ಸುತ್ತು ಎಣಿಸುವುದರಲ್ಲಿ ತಪ್ಪಾಗಿತ್ತು, ಗೆದ್ದದ್ದು ಸ್ಕಾಟ್ ಎಂದು ಒಪ್ಪಿಕೊಂಡರು. ಕಪ್ಪು ಮನುಷ್ಯ ಗೆಲುವಿನ ವೇದಿಕೆಯಲ್ಲಿ ನಿಂತ ದೃಶ್ಯ ಅಧಿಕಾರಿಗಳಿಗೆ ಬೇಡವಾಗಿತ್ತು ಎಂದೇ ಅವರ ಮನೆಯವರು ಕೊನೆಯವರೆಗೂ ನಂಬಿದ್ದರು. ಬಹುಮಾನದ ಹಣ ಬಂತು. ನಿಜವಾದ ಟ್ರೋಫಿ ಬರಲಿಲ್ಲ. 1973ರಲ್ಲಿ ಸಾಲ ಮಾಡಿ ಕೊಂಡ ಒಳ್ಳೆಯ ಕಾರಿನಲ್ಲಿ ಟಾಲಡೇಗಾ ಟ್ರ್ಯಾಕಿಗೆ ಹೋದಾಗ ಸುಮಾರು ಇಪ್ಪತ್ತು ಕಾರುಗಳ ಸರಣಿ ಅಪಘಾತದಲ್ಲಿ ಎಲುಬುಗಳು ಮುರಿದವು, ಕಾರಿನ ಜೊತೆ ವೃತ್ತಿಯೂ ಹೆಚ್ಚುಕಮ್ಮಿ ಮುಗಿಯಿತು. 1990ರಲ್ಲಿ ತೀರಿಕೊಂಡರು. 2015ರಲ್ಲಿ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಜ್ಯಾಕ್ಸನ್‌ವಿಲ್ ಗೆಲುವಿನ ಟ್ರೋಫಿಯನ್ನು 2021ರ ಆಗಸ್ಟಿನಲ್ಲಿ ಡೇಟೋನಾದಲ್ಲಿ ಅವರ ಕುಟುಂಬದ ಕೈಗೆ ಕೊಟ್ಟರು. ಅದಾಗಿ ಎರಡು ತಿಂಗಳೊಳಗೆ ಬಬ್ಬಾ ವಾಲೇಸ್ ಟಾಲಡೇಗಾದಲ್ಲಿ ಗೆದ್ದು ಕಪ್ ರೇಸ್ ಗೆದ್ದ ಎರಡನೇ ಕಪ್ಪು ಚಾಲಕರಾದರು. ಆ ಕಾರು ಜೋರ್ಡನ್ ಮತ್ತು ಹ್ಯಾಮ್ಲಿನ್ ಅವರದು.

"ಕುಲ್‌ವಿಕಿನೂ ಸ್ವಂತ ಕಾರು, ಇವರೂ ಸ್ವಂತ ಕಾರು. ಇಬ್ರೂ ಒಂದೇ ಥರ ಅಲ್ವಾ ಮಾವ?" ಎಂದು ಅಕ್ಕನ ಮಗ ಕೇಳಿದ. ಈ ಪ್ರಯಾಣ ಶುರುವಾಗುವ ಮುಂಚೆ ನಾನೂ ಹಾಗೇ ತಿಳಿದಿದ್ದೆ ಎನ್ನಬಹುದು. ಸ್ವಂತ ಕಾಲಿನ ಮೇಲೆ ನಿಲ್ಲುವುದು, ಯಾರ ಹಂಗೂ ಇಲ್ಲದೆ ಓಡುವುದು, ಇವೆಲ್ಲ ಕೇಳಲು ಚೆನ್ನ. ಕುಲ್‌ವಿಕಿಯ ವಿಷಯದಲ್ಲಿ ಅದು ನಿಜ ಕೂಡ. ಹತ್ತು ಲಕ್ಷ ಡಾಲರನ್ನು ಬೇಡವೆಂದವರ ಬಡತನಕ್ಕೆ ಒಂದು ಗತ್ತಿದೆ. ಆದರೆ ಸ್ಕಾಟ್ ಅವರನ್ನು ಯಾವ ಜೂನಿಯರ್ ಜಾನ್ಸನ್ನೂ ಕಾಯಂ ಕಾರಿಗೆ ಕರೆಯಲಿಲ್ಲ. ಜಾನ್ಸನ್ ಮತ್ತು ಸ್ಕಾಟ್ ಇಬ್ಬರೂ ಹೆಚ್ಚುಕಮ್ಮಿ ಒಂದೇ ಸೀಮೆಯವರು, ಇಬ್ಬರೂ ಕಳ್ಳಭಟ್ಟಿಯ ರಾತ್ರಿ ದಾರಿಗಳಲ್ಲಿ ಕಾರು ಕಲಿತವರು. ಒಬ್ಬರಿಗೆ ಒಳ್ಳೊಳ್ಳೆಯ ಮಾಲೀಕರ ಕಾರುಗಳು ಸಿಕ್ಕವು, ಜೈಲಿನಿಂದ ಬಂದ ಮೇಲೂ ಸಿಕ್ಕವು, 1986ರಲ್ಲಿ ಅಮೆರಿಕದ ಅಧ್ಯಕ್ಷರಿಂದ ಕ್ಷಮಾದಾನವೂ ಸಿಕ್ಕಿತು. ಇನ್ನೊಬ್ಬರಿಗೆ ಸ್ವಂತ ಗಾಡಿ ಎನ್ನುವುದು ಆಯ್ಕೆಯಾಗಿರಲಿಲ್ಲ, ಒಳಗೆ ಬರಲು ಇದ್ದ ಒಂದೇ ಬಾಗಿಲಾಗಿತ್ತು. ಮೆಕ್‌ಡಫಿಯವರು ಇವರಿಬ್ಬರ ನಡುವೆ ಎಲ್ಲೋ ನಿಲ್ಲುತ್ತಾರೆ. ಅವರನ್ನು ತಡೆದವರು ಯಾರೂ ಇರಲಿಲ್ಲ, ಕೈಹಿಡಿದು ಮೇಲೆತ್ತುವವರೂ ಇರಲಿಲ್ಲ.

ಹೊರಗಿನಿಂದ ನೋಡುವವರಿಗೆ ಮೂವರ ಕಾರೂ ಒಂದೇ ಥರ ಕಾಣುತ್ತದೆ: ತೇಪೆ ಹಾಕಿದ ತಗಡು, ಹಳೆಯ ಟೈರು, ಸ್ಟೀರಿಂಗಿನ ಹಿಂದೆ ಮಾಲೀಕ. ಆ ನೋಟಕ್ಕೆ ಮರುಳಾಗಿ ನಾವು ಸ್ವಾವಲಂಬನೆ ಎಂದು ಚಪ್ಪಾಳೆ ತಟ್ಟುತ್ತೇವೆ. ತಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಇವರಿಗೆ ಬೇರೆ ಕಾರು ಓಡಿಸುವ ಅವಕಾಶ ಇತ್ತೇ? ಇದ್ದೂ ಬಿಟ್ಟವರನ್ನು ಮೆಚ್ಚೋಣ. ಇಲ್ಲದವರ ವಿಷಯದಲ್ಲಿ ಬರೀ ಮೆಚ್ಚುಗೆ ಅಗ್ಗದ ಮಾತಾಗುತ್ತದೆ, ಅವರಿಗೆ ಸಲ್ಲಬೇಕಾಗಿದ್ದುದು ಆ ಟ್ರೋಫಿ, ಅದೂ ಗೆದ್ದ ದಿನವೇ.